ಹಸಿರು ಅಂಚಿನ ಸಿಡಿ

ಬೀದರ ಬಸ್‌ಸ್ಟ್ಯಾಂಡಿನಲ್ಲಿ ಔರಾದ ಬಸ್ಸು ಬರುವ ಲಕ್ಷಣವಿರಲಿಲ್ಲ. ನನ್ನ ಮುಂದೆ ನಿಂತಿದ್ದ ಮಾಸ್ತರರೊಬ್ಬರು ತಮ್ಮ ಚರ್ಚಿನ ಹಾಡಿನ ಸಿಡಿಯನ್ನು ಜೊತೆಗಿದ್ದ ನರ್ಸಮ್ಮನಿಗೆ ತೋರಿಸುತ್ತಿದ್ದರು.

"ಅಂಚಿಗೆಲ್ಲಾ ಹಸಿರು ಸ್ಕೆಚ್‌ಪೆನ್ ಬಳದೀನಿ, ಸಿಸ್ಟರ. ಈಗ ದನಿ ಎಷ್ಟು ಸಾಫ್ ಬರ್ತದಂತೀರಿ!"

"ಅಂಚಿಗಿ ಬಣ್ಣ ಹಚ್ಚಿದ್ರ ಒಳಗಿನ ಹಾಡು ಹ್ಯಾಂಗ ಸುಧಾರಸ್ತದ್ರಿ, ಮಾಸ್ತರ?"

"ಸುಧಾರಸ್ಯದ. ಮೊದಲು ಕೇಳದಿದ್ದ ಕ್ರಿಸ್ತಪ್ಪನ ದಪ್ಪ ದನಿ ಈಗ ಹಿಂದಿನಿಂದ ಕೇಳಸ್ಲತ್ತದ."

"ಕ್ರಿಸ್ತಪ್ಪಂದಾ?"

"ಹೂಂ. ಎರಡು ವರ್ಷ ಮಳಿ ಇಲ್ಲ, ಕ್ರಿಸ್ತಪ್ಪನ ಹಿಡದು ಎಲ್ಲಾರೂ ದುಡಿಲಾಕ ಹೈದ್ರಾಬಾದಿಗಿ ಹೋದ್ರು. ಐತವಾರ ಹಾಡೋರು ನಾಕೇ ಮಂದಿ ಉಳಿದೀವಿ. ಇನ್ನ ಈ ಸಿಡಿನೇ ಹಚ್ಚೋದು."

"ಮಾಸ್ತರ, ರೆಕಾರ್ಡಿಂಗ್ ದಿನ ಕ್ರಿಸ್ತಪ್ಪಗ ಕೆಮ್ಮಿತ್ತು. ಔಷಧ ಕುಡಿಸಿ ನಾನೇ ಹೊರಗ ಕೂಡಿಸಿದ್ದೆ. ಅಂವ ಹಾಡಿಯೇ ಇಲ್ರಿ."

ಮಾಸ್ತರರು ಸಿಡಿಯನ್ನು ತಿರುವಿ ತಿರುವಿ ನೋಡಿದರು. ಆಮೇಲೆ ಅದನ್ನು ಆಕೆಯ ಕೈಗಿಟ್ಟರು.

"ಹಂಗಾದ್ರ ಅವನ್ನೇ ಕರ್ಕೊಂಡು ಬರ್ತೇನಿ."

"ಅಷ್ಟು ದೊಡ್ಡ ಊರಾಗ ಎಲ್ಲಿ ಹುಡುಕ್ತೀರಿ? ಪತ್ತೆನಾದ್ರೂ ಅದ ಏನ್ರಿ?"

ಅವರು ಆಗಲೇ ಹೈದರಾಬಾದ ಬಸ್ಸಿನ ಮೆಟ್ಟಿಲ ಮೇಲಿದ್ದರು.

"ದನಿ ಗುರ್ತದ ನನಗ."