ಗುರುವಿನ ಮುಖ ಕಂಡವರು

ಒಂದು ಹೊಳೆಯ ದಂಡೆಯ ಮೇಲೆ ಒಬ್ಬ ಗುರು ಊರು ಕಟ್ಟಿದ್ದ. ನೋಡಿ, ಊರಿದ್ದಲ್ಲಿಗೆ ಗುರು ಬರುವುದು ಎಲ್ಲ ಕಡೆ ಇರುವುದೇ. ಇಲ್ಲಿ ಗುರು ಇದ್ದಲ್ಲಿಗೆ ಊರು ಬಂತು. 'ನನಗೆ ದೇವರ ಮಾತು ಕೇಳಿಸಿದೆ' ಎಂದ. ಜನ ಹೊಲ ಬಿಟ್ಟರು, ಬೀಗರನ್ನು ಬಿಟ್ಟರು, ಜಾತಿ ಬಿಟ್ಟರು, ಬಂದು ಅವನ ಸುತ್ತ ಗುಡಿಸಲು ಹಾಕಿಕೊಂಡರು. ಎಲ್ಲರಿಗೂ ಒಂದೇ ಒಲೆ, ಒಂದೇ ಪಂಕ್ತಿ. ಸುತ್ತಲಿನ ಊರುಗಳಿಗೆ ಇದು ಸಹಿಸಲಿಲ್ಲ. ದೂರು ಕೊಟ್ಟು ಗುರುವನ್ನು ಠಾಣೆಗೆ ಹಾಕಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ಗುಂಪು ಕಟ್ಟಿಕೊಂಡು ಹೋಗಿ, ಬಾಗಿಲು ಮುರಿದು, ಅಲ್ಲೇ ಕೊಂದರು.

ಗುರು ಹೋದ, ಗದ್ದುಗೆ ಉಳಿಯಿತು. ಈಗ ಹೇಳಿ, ಯಾವುದು ದೊಡ್ಡ ಕಷ್ಟ? ಗುರು ಹೋದದ್ದೋ, ಗದ್ದುಗೆ ಉಳಿದದ್ದೋ?

ಅಮೆರಿಕದ ಮಾರ್ಮನ್ ಪಂಥದಲ್ಲೂ ಸ್ಥಾಪಕ ಸತ್ತ ಮೇಲೆ 'ಮುಂದೆ ಯಾರು' ಎಂದು ಜನ ಒಡೆದುಹೋದರಂತೆ. ದೇಶ ಬೇರೆ, ಭಾಷೆ ಬೇರೆ. ಖಾಲಿ ಕುರ್ಚಿಯ ಮುಂದೆ ನಿಂತ ಮನುಷ್ಯ ಮಾತ್ರ ಎಲ್ಲ ಕಡೆಯೂ ಒಬ್ಬನೇ. ಇರಲಿ, ನಮ್ಮ ಕಥೆಗೆ ಬರೋಣ.

ಆ ಊರಲ್ಲಿ ದುಂಡವ್ವ ಎಂಬ ಹೆಣ್ಣುಮಗಳಿದ್ದಳು. ಊರ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು. ಗಂಡ ಶಿವಲಿಂಗಪ್ಪ ಗೌಂಡಿ, ಪ್ರಾರ್ಥನೆಯ ಮಂದಿರದ ಗೋಡೆ ಕಟ್ಟುತ್ತಿದ್ದ. ಗುರು ಸತ್ತ ಮೇಲೆ ಒಂದು ದಿನ ಬಯಲಲ್ಲಿ ಸಭೆ ಸೇರಿತು. ಗುರುವಿನ ಹಳೆಯ ಸಂಗಾತಿಯೊಬ್ಬ ಮೊದಲು ಎದ್ದು ಮಾತಾಡಿದ. ಆಡಿದ, ಆಡಿದ, ಮುಗಿಸಲೇ ಇಲ್ಲ. ಬಿಸಿಲೇರಿತು, ಕೂಸುಗಳು ಅತ್ತವು. ಆಮೇಲೆ ಹಿರಿಯ ಶಿಷ್ಯ ಎದ್ದ. ಊರಿನ ಕೆಲಸವನ್ನೆಲ್ಲ ನಡೆಸುತ್ತಿದ್ದವನು ಅವನೇ. 'ಗುರು ಇಲ್ಲ. ಆದರೆ ಕೆಲಸ ಐತಿ. ಮಾಡೋಣು' ಎಂದ. ಜನ ಕೈ ಎತ್ತಿದರು. ಆಯಿತು, ಗದ್ದುಗೆ ಅವನದಾಯಿತು. ದುಂಡವ್ವನೂ ಕೈ ಎತ್ತಿದ್ದಳು.

ಅಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಮರುದಿನ ಒಬ್ಬ ಮುದುಕಿ ಒಲೆಯ ಹತ್ತಿರ ಬಂದು, "ಅವ ಮಾತಾಡೂ ಮುಂದ ಗುರುವಿನ ದನೀನ ಕೇಳಿಧಂಗ ಆತವ್ವ" ಎಂದಳು. ಕೇಳಿದ ಹಾಗೆ ಆಯಿತು, ಅಷ್ಟೇ. ಇನ್ನೊಬ್ಬಳು, "ದನಿ ಏನ, ನಾ ಮುಖಾನ ನೋಡೀನಿ" ಎಂದಳು. ವಾರ ಕಳೆಯುವುದರೊಳಗೆ ಊರಿಗೆ ಊರೇ ನೋಡಿತ್ತು. ಶಿಷ್ಯನ ಮೈಯಲ್ಲಿ ಗುರು ಬಂದು ನಿಂತಿದ್ದ, ಅವನ ಮುಖದ ಮೇಲೆ ಗುರುವಿನ ಮುಖ ಮೂಡಿತ್ತು ಎಂದು.

ಆವತ್ತಿನ ಸಭೆಯಲ್ಲಿ ದುಂಡವ್ವ ಮುಂದೆಯೇ ಕೂತಿದ್ದಳು. ಅವಳು ನೋಡಿದ್ದು ನೆಗಡಿಯಾಗಿ ಮೂಗು ಒರೆಸಿಕೊಳ್ಳುತ್ತಿದ್ದ ಶಿಷ್ಯನನ್ನು. ಮೊದಲು ಅವಳಿಗೆ ತನ್ನ ಮೇಲೆಯೇ ಸಂಶಯ ಬಂತು. ನನ್ನ ಪಾಪ ಕಣ್ಣಿಗೆ ಅಡ್ಡ ಬಂತೇ? ಆಮೇಲೆ ಎಲ್ಲರ ಮೇಲೂ ಬಂತು. ಯಾರು ಹತ್ತಿರ ಬಂದರೂ ಅವರ ಕಣ್ಣು ನೋಡುವಳು: ಇವಳು ನಿಜಕ್ಕೂ ಕಂಡವಳೋ, ಕಂಡೆನೆಂದವಳೋ? ಶಿಷ್ಯ ಈಗ ಗುರುವಿನಂತೆಯೇ ಕಂಬಳಿಯನ್ನು ಎಡ ಹೆಗಲಿಗೆ ಹಾಕುತ್ತಿದ್ದ. ಮೊದಲೂ ಹಾಗೇ ಹಾಕುತ್ತಿದ್ದನೇ? ಅವಳಿಗೆ ನೆನಪಾಗಲಿಲ್ಲ. ನೋಡಿ, ಸಂಶಯ ಎಂಬುದು ಹೀಗೆ. ಒಮ್ಮೆ ಒಳಗೆ ಬಂತೆಂದರೆ ನೆನಪನ್ನೂ ನಂಬಗೊಡುವುದಿಲ್ಲ.

ಅವಳು ಗುರುವಿನ ಹೆಂಡತಿಯ ಹತ್ತಿರ ಹೋದಳು. ಆಕೆ ಬಸುರಿ.

"ಯವ್ವಾ, ನೀವು ನೋಡಿದ್ರೇನ್ರಿ?"

"ನನ್ನ ಗಂಡನ ಮುಖ ಬಂದಿದ್ರ ನನಗ ಗುರ್ತ ಸಿಗತಿರಲಿಲ್ಲೇನ? ನಾನೂ ಅಲ್ಲೇ ಕುಂತಿದ್ದೆ" ಎಂದಳು ಆಕೆ. "ಹಂಗಂದಿದ್ದಕ್ಕ ಈಗ ನನ್ನ ಮನಿಗೆ ಯಾರೂ ಬರೂದಿಲ್ಲ. ನೀನೂ ಹಗಲಿನ್ಯಾಗ ಬರಬ್ಯಾಡ."

ಸುತ್ತಲಿನ ಊರುಗಳ ಕಾಟ ಹೆಚ್ಚಿತು. ಹೊಳೆ ದಾಟಿ ದೂರ ಹೋಗಿ ಹೊಸ ಊರು ಕಟ್ಟುವುದೆಂದು ತೀರ್ಮಾನವಾಯಿತು. ಗಾಡಿಗಳು ಸಜ್ಜಾದವು. ಹೊರಡುವ ಮೊದಲು ಒಬ್ಬೊಬ್ಬರೂ ಸಭೆಯಲ್ಲಿ ಎದ್ದು ಕಂಡದ್ದನ್ನು ಹೇಳಬೇಕೆಂದು ಹಿರಿಯರು ಸಾರಿದರು. ಕಾಣದವರಿಗೆ ಗಾಡಿಯಲ್ಲಿ ಜಾಗವಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕೇ?

"ಎರಡ ಮಾತ, ನೋಡೀನಿ ಅಂದಬಿಡು" ಎಂದ ಶಿವಲಿಂಗಪ್ಪ. "ಬಾಯಿ ಏನ ಸವದ ಹೋಗತೈತೇನ? ನಾ ನಿನ್ನೇನ ಸಭಾದಾಗ ಹೇಳಿ ಬಂದೀನಿ."

ದುಂಡವ್ವನ ಕೈಯಲ್ಲಿದ್ದ ಹಿಟ್ಟು ಹಾಗೇ ಉಳಿಯಿತು.

"ಆವತ್ತ ನೀ ಸಭಾದಾಗ ಎಲ್ಲಿದ್ದಿ? ಕಲ್ಲ ತರಾಕ ಹೊಳಿ ಆಚಿ ಹೋಗಿದ್ದಿ. ಸಂಜಿಗೆ ಬಂದ ನಿನಗ ನಾನ ಹೇಳೀನಿ, ಸಭಾದಾಗ ಹಿಂಗಿಂಗಾತು ಅಂತ."

ಅವನು ತಲೆ ಎತ್ತಲಿಲ್ಲ. "ಎಲ್ಲಾರೂ ಹೇಳೂ ಮುಂದ ನಾ ಒಬ್ಬನ ಹೊರಗ ನಿಲ್ಲಲೇನ?" ಎಂದ.

ಸಭೆಯಲ್ಲಿ ದುಂಡವ್ವನ ಸರದಿ ಬಂತು. ಎದ್ದು ಹಿರಿಯ ಶಿಷ್ಯನ ಕಡೆಗೆ ತಿರುಗಿದಳು. "ನಾ ಗುರುವಿನ್ನ ನೋಡಲಿಲ್ರಿ. ನಿಮ್ಮನ್ನ ನೋಡಿದೆ. ನೀವು ಚಲೋ ಮಾತಾಡಿದ್ರಿ, ಅದಕ್ಕ ಕೈ ಎತ್ತಿದೆ. ಅಷ್ಟ ಸಾಲದೇನ್ರಿ?"

ಸಭೆ ಗುಜುಗುಜು ಎಂದಿತು. "ಹಂಗಾದ್ರ ಇವರೆಲ್ಲಾ ಸುಳ್ಳ ಹೇಳಿದ್ರೇನು?" ಎಂದು ಯಾರೋ ಕೂಗಿದರು. ಅವಳು ಗಂಡನ ಕಡೆಗೆ ನೋಡಲಿಲ್ಲ. "ಅವರ ಕಣ್ಣು ನನಗ ಗೊತ್ತಿಲ್ರಿ. ನನ್ನ ಕಣ್ಣಿಂದಷ್ಟ ಹೇಳಿದೆ" ಎಂದು ಕೂತಳು.

ಮರುದಿನ ಬೆಳಿಗ್ಗೆ ಅವಳು ಹೊಳೆಗೆ ಹೋದಾಗ ಹಿರಿಯ ಶಿಷ್ಯ ತಾನೇ ಬಂದ. ಬೈಯುತ್ತಾನೆಂದು ಅವಳು ಕೊಡ ಕೆಳಗಿಟ್ಟು ನಿಂತಳು. ಅವನು ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದ: "ತಂಗಿ, ಖರೇ ಹೇಳು. ಆವತ್ತ ಏನೂ ಆಗಲಿಲ್ಲೇನ?"

ಕೇಳಿದಿರಾ? ಅವನಿಗೇ ಗೊತ್ತಿರಲಿಲ್ಲ!

"ನೆಗಡಿ ಆಗಿತ್ತ್ರಿ ನಿಮಗ" ಎಂದಳು ದುಂಡವ್ವ.

ಅವನು ಸಣ್ಣಗೆ ನಕ್ಕ. "ಮೊದಲ ದಿನಾನ ಇಲ್ಲ ಅನಬೇಕಾಗಿತ್ತು. ಮಂದಿ ಒಡದ ಹೋದಾರು ಅಂತ ಸುಮ್ಮನಾದೆ. ಈಗ ಇಲ್ಲ ಅಂದ್ರ ಅವರ ನನ್ನ ನಂಬೂದಿಲ್ಲ. ನೀ ನನ್ನ ಗಾಡ್ಯಾಗ ಬಾ. ಅಲ್ಲಿ ಮಾತ್ರ ಇದನ್ನ ಆಡಬ್ಯಾಡ."

"ಯಾರರ ಕೇಳಿದ್ರ?"

"ಸುಮ್ಮನಿರು."

"ನೀವು ಸುಮ್ಮನಾಗಿದ್ದಕ್ಕ ಇಷ್ಟಾತಲ್ರಿ" ಎಂದು ಅವಳು ಕೊಡ ಎತ್ತಿಕೊಂಡಳು.

ಗಾಡಿಗಳು ಹೊಳೆ ದಾಟಿದವು. ಶಿವಲಿಂಗಪ್ಪ ಕೊನೆಯ ಗಾಡಿಯಲ್ಲಿ, "ಮನಿ ಕಟ್ಟಿ ಕರಿಯಾಕ ಬರತೀನಿ" ಎಂದು ಅಳುತ್ತ ಹೋದ. ದುಂಡವ್ವ ಗುರುವಿನ ಬಸುರಿ ಹೆಂಡತಿಯ ಜೊತೆ ಉಳಿದಳು. ಆಕೆಯ ಬಾಣಂತನ ಮಾಡಿದಳು.

ಕೆಲವು ವರ್ಷಗಳ ಮೇಲೆ ಆ ಕಡೆಯಿಂದ ಬಂದ ಉಪ್ಪಿನ ವ್ಯಾಪಾರಿಯೊಬ್ಬ ಅವಳ ಅಂಗಳದಲ್ಲಿ ನೀರು ಕುಡಿದು ಹೊಸ ಊರಿನ ಸುದ್ದಿ ಹೇಳಿದ. ಶಿವಲಿಂಗಪ್ಪ ಅಲ್ಲಿ ದೊಡ್ಡ ಮನುಷ್ಯನಾಗಿದ್ದಾನೆ. ಗುರು ಮುಖ ತೋರಿಸಿದ ಕಥೆಯನ್ನು ಅವನ ಬಾಯಲ್ಲೇ ಕೇಳಬೇಕು, ಮಂದಿ ಅಳುತ್ತಾರೆ. ಈಗ ಆ ಕಥೆಯಲ್ಲಿ ಗುರುವಿನ ಮುಖದ ಸುತ್ತ ಬೆಳಕೂ ಸೇರಿಕೊಂಡಿದೆ.

"ಅವನ ಹೆಂಡತಿನೂ ನೋಡಿದ್ಲಂತ್ರಿ. ಅವನ ಮಗ್ಗಲಕ ಕುಂತು, ಕೈ ಮುಗದು ಅತ್ಲಂತ. ಪುಣ್ಯವಂತಿ. ಹಾದ್ಯಾಗ ತೀರಿಕೊಂಡ್ಲಂತ."

ದುಂಡವ್ವ ಅವನ ಕೈಯಿಂದ ಖಾಲಿ ತಂಬಿಗೆ ಇಸಿದುಕೊಂಡಳು. "ಆಕಿ ನೋಡಲಿಲ್ಲಪಾ" ಎಂದಳು. "ಹೋದಾಗ ಹೇಳು."

ಅವನು ಹೇಳಿದನೋ ಇಲ್ಲವೋ ಯಾರಿಗೆ ಗೊತ್ತು?

ಈಗ ನಿಮ್ಮ ಕಡೆಗೆ ಬರುತ್ತೇನೆ. ನಗಬೇಡಿ. ಶಿವಲಿಂಗಪ್ಪ ಕೆಟ್ಟವನೇ? ಅಲ್ಲ. ಒಬ್ಬನೇ ಹೊರಗೆ ನಿಲ್ಲಲು ಹೆದರಿದ, ಅಷ್ಟೇ. ನೀವು ಹೆದರುವುದಿಲ್ಲವೇ? ಮನೆಯ ಹಿರಿಯರು ಕಣ್ಣು ಮುಚ್ಚಿದ ಕೂಡಲೇ 'ಅಪ್ಪ ನನ್ನ ಹತ್ತಿರ ಹೇಳಿದ್ದ' ಎಂದವರು ಇಲ್ಲಿ ಎಷ್ಟು ಮಂದಿ ಕೂತಿದ್ದೀರಿ? ಅಪ್ಪ ಹೇಳಿದ್ದನೋ, ನೀವು ಹೇಳಿಸಿದಿರೋ? ಸತ್ತವರು ಎದ್ದು ಬಂದು ಇಲ್ಲ ಅನ್ನುವುದಿಲ್ಲ, ಆ ಧೈರ್ಯ ನಿಮ್ಮದು. ಮಠಕ್ಕೆ, ಸಂಘಕ್ಕೆ, ಮನೆಗೆ ಮುಂದಾಳು ಬೇಕೇ? ಆರಿಸಿಕೊಳ್ಳಿ. 'ಇವನು ಕೆಲಸ ಬಲ್ಲವನು, ನಮಗೆ ಒಪ್ಪಿಗೆ' ಎನ್ನಿ. ಸತ್ತವರ ಮುಖ ತಂದು ಅವನಿಗೆ ಅಂಟಿಸಬೇಡಿ. ಗದ್ದುಗೆಯ ಮೇಲೆ ಕೂತವರೇ, ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ, ಇಲ್ಲದ ಮಹಿಮೆಯನ್ನು ಜನ ಹೊರಿಸಲು ಬಂದರೆ ಮೊದಲ ದಿನವೇ ಇಲ್ಲವೆನ್ನಿ. ಎರಡನೆಯ ದಿನ ನಾಲಿಗೆ ಏಳುವುದಿಲ್ಲ.

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಯಾರಾದರೂ 'ಎಲ್ಲರೂ ಹೇಳುತ್ತಾರೆ' ಎಂದು ಏನನ್ನೋ ಶುರುಮಾಡುತ್ತಾರೆ. ಆಗ ಒಂದೇ ಮಾತು ಕೇಳಿ: 'ನೀನು ಅಲ್ಲಿದ್ದೆಯಾ?' ಇರಲಿಲ್ಲ ಎಂದರೆ, ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿ, ಮಾತನ್ನು ಅಲ್ಲೇ ನಿಲ್ಲಿಸಿ.