ಗೌಸ್ ಪೀರರ ಕಿಟಕಿ ಸೀಟು

ಹರಿಹರದ ನಿಲ್ದಾಣದಲ್ಲಿ ದಾವಣಗೆರೆಯ ಸರ್ಕಾರಿ ಬಸ್ಸು ಖಾಲಿಯಾಗಿಯೇ ಹೊರಡಲಿತ್ತು. ಅವ್ವನಿಗಾಗಿ ಕಾಯುತ್ತಿದ್ದ ನಸೀಮಾಳ ಪಕ್ಕದಲ್ಲಿ ಇಬ್ಬರು ಬಟ್ಟೆ ವ್ಯಾಪಾರಿಗಳು ನಿಂತಿದ್ದರು.

“ಹತ್ರಿ ಗೌಸ್ ಪೀರಣ್ಣ, ಇದರಾಗೇ ಹೋಗಿಬಿಡ್ರಿ,” ಎಂದ ಕೆಂಚವೀರಪ್ಪ.

“ಬ್ಯಾಡಪ್ಪ. ಎಂಟು ವರ್ಷದಿಂದ ಪ್ರೈವೇಟ್ ಬಸ್ಸು ಬಿಟ್ಟು ಬ್ಯಾರೆ ಹತ್ತಿಲ್ಲ. ಅದಕ್ಕೇ ಕಂಡಕ್ಟರ್ ಮುಂದಿನ ಕಿಟಕಿ ಸೀಟಿಗೆ ನನ್ನ ಹೆಸರಲ್ಲಿ ಟವೆಲ್ ಹಾಕಿರ್ತಾನೆ.”

“ಅರ್ಧ ತಾಸು ಕೂರಾಕ ಒಂದು ತಾಸು ನಿಲ್ತೀರಲ್ಲ.”

“ಒಂದಿನ ತಪ್ಪಿದ್ರೂ ಸೀಟು ಬ್ಯಾರೆಯವರ ಪಾಲು.”

“ಹೋದ್ರೆ ಹೋಗ್ಲಿ ಬಿಡ್ರಿ. ಏನೈತೆ ಅದರಾಗ?”

“ಏನೂ ಇಲ್ಲಂದ್ರೆ ನೀನ್ಯಾಕ ಇದನ್ನ ಹತ್ತವಲ್ಲೆ?”

ಕೆಂಚವೀರಪ್ಪ ಟೋಪಿ ಸರಿಮಾಡಿಕೊಂಡ. “ನಿಮ್ಮ ನಂತರ ಆ ಸೀಟು ನಂದೇ ಅಂತ ಕಂಡಕ್ಟರ್ ಹೇಳ್ಯಾನೆ.”

ನಸೀಮಾ ನಗು ತಡೆಯಲು ಸೆರಗನ್ನು ಬಾಯಿಗೊತ್ತಿಕೊಂಡಳು. ಅಷ್ಟರಲ್ಲಿ ಪ್ರೈವೇಟ್ ಬಸ್ಸು ಬಂತು. ಇಬ್ಬರೂ ಒಬ್ಬರನ್ನೊಬ್ಬರು ಭುಜದಿಂದ ತಳ್ಳುತ್ತ ಬಾಗಿಲಿಗೆ ಓಡಿದರು.