ಹಗ್ಗ ಹಿಡಿಯುವ ಕೈ

ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಟೀಚರಮ್ಮ ಕಣ್ಣು ಮುಚ್ಚಿ ಕೂತಿದ್ದರು. ಕಣ್ಣಿಗೆ ಬೀಗ ಬಿದ್ದಮೇಲೆ ಕಿವಿ ಸುಮ್ಮನಿರುತ್ತದೆಯೇ? ಪಕ್ಕದಲ್ಲಿ ಹಡಗಿನವರಿಬ್ಬರು ಕಣ್ಣಿನ ಪರೀಕ್ಷೆಗೆ ಕಾಯುತ್ತಿದ್ದರು. ಒಬ್ಬ ಕ್ಯಾಪ್ಟನ್, ಇನ್ನೊಬ್ಬ ಅವನ ಕೈಕೆಳಗಿನ ಖಲಾಸಿ, ಕ್ಯಾಪ್ಟನ್ನನ ಹೆಂಡತಿಯ ತಮ್ಮ.

"ಭಾವ, ವಿದೇಶಕ್ಕೆ ಹೋಗೋ ಹಡಗಿನ ಆಫೀಸರ್ ಪರೀಕ್ಷೆಗೆ ಅರ್ಜಿ ಹಾಕೋಕೆ ಈ ವಾರವೇ ಕೊನೆ. ನಿಮ್ಮ ರುಜು ಒಂದೇ ಬಾಕಿ."

"ಮುಂದಿನ ಸಲ ನೋಡೋಣ ಕಣೋ."

"ಹೋದ ಸಲಾನೂ ಹಾಗೇ ಅಂದ್ರಿ. ನಾನೇನು ಕೆಲಸ ಕಲಿತಿಲ್ವಾ?"

"ಕಲಿತಿರೋದೇ ತೊಂದರೆ. ಆಫೀಸರಾದ್ರೆ ನಿನ್ನನ್ನ ಬೇರೆ ಹಡಗಿಗೆ ಹಾಕ್ತಾರೆ. ಬಂದರಿನಲ್ಲಿ ಹಡಗು ಕಟ್ಟುವಾಗ ನಿನ್ನ ಹಾಗೆ ಹಗ್ಗ ಹಿಡಿಯೋನು ನನಗೆಲ್ಲಿ ಸಿಗ್ತಾನೆ?"

"ನೀವೂ ಖಲಾಸಿಯಾಗಿದ್ದವರೇ. ಹಳೇ ಕ್ಯಾಪ್ಟನ್ ಇದೇ ಮಾತು ಹೇಳಿ ರುಜು ಹಾಕದೇ ಹೋದಾಗ ಅಡುಗೆಕೋಣೆ ಹಿಂದೆ ನಿಂತು ಅತ್ತಿರಲಿಲ್ವಾ? ಆಮೇಲೆ ರುಜು ಸಿಕ್ಕಾಗ, ನೀವು ಓದ್ಕೊಳ್ಳಲಿ ಅಂತ ನಿಮ್ಮ ಪಾಳಿಯನ್ನೂ ನಾನೇ ಮಾಡಿದ್ದೆ."

"ಮರೆತಿಲ್ಲಪ್ಪ. ಆಗ ಅವನಿಗೆ ಹಿಡಿಶಾಪ ಹಾಕಿದ್ದೆ. ಅವನ ಕುರ್ಚೀಲಿ ಕೂತಮೇಲೆ, ಅವನು ಮಾಡಿದ್ದೇ ಸರಿ ಅನ್ಸುತ್ತೆ."

"ಅಕ್ಕನಿಗೆ ಏನು ಹೇಳ್ತೀರಿ?"

"ಪರೀಕ್ಷೆ ಮುಂದಕ್ಕೆ ಹೋಯ್ತು ಅನ್ನು. ಮನೇಲಿ ರಾದ್ಧಾಂತ ಬೇಡ."

"ಆಗಲ್ಲ ಭಾವ. ಇವತ್ತೇ ಎಲ್ಲಾ ಹೇಳ್ತೀನಿ. ಇನ್ನು ನಿಮ್ಮ ಚಾಕರಿ ಸಾಕು."

"ಕ್ಯಾಪ್ಟನ್ ಸಾಹೇಬ್ರು ಬನ್ನಿ" ಎಂದು ನರ್ಸ್ ಕೂಗಿದಳು.

ಟೀಚರಮ್ಮನಿಗೆ ತಡೆಯಲಾಗಲಿಲ್ಲ, ಕಣ್ಣು ಬಿಟ್ಟರು. ಎಲ್ಲಾ ಮಸುಕು ಮಸುಕು. ಒಬ್ಬ ಕೈಬೀಸಿಕೊಂಡು ಮುಂದೆ ಹೋಗುತ್ತಿದ್ದ. ಅವನ ಬೆನ್ನಹಿಂದೆಯೇ ಇನ್ನೊಬ್ಬ, ಇಬ್ಬರ ಬ್ಯಾಗನ್ನೂ ಹೊತ್ತುಕೊಂಡು.